ಪಾಳಿಯ ಅಪರಾಧಿ

ಹೋದ ತಿಂಗಳು ಹೊಸಪೇಟೆಯಿಂದ ಕೊಪ್ಪಳಕ್ಕೆ ಕಾರಿನಲ್ಲಿ ಹೋಗುತ್ತಿದ್ದಾಗ, ಹಿಟ್ನಾಳದ ಹತ್ತಿರ ಡ್ರೈವರು ಗಾಳಿ ಬರಲೆಂದು ಕಿಟಕಿಗಳನ್ನು ಇಳಿಸಿದ. ಗಾಳಿಯ ಜೊತೆಗೆ ಒಂದು ವಾಸನೆಯೂ ಬಂತು. ಬಿಸಿಲಿಗೆ ಬಿರುಕು ಬಿಟ್ಟ ಗದ್ದೆಗೆ ಆಗಷ್ಟೇ ಕಾಲುವೆ ನೀರು ಹೊಕ್ಕಾಗ ಏಳುವ ವಾಸನೆ. ಕೆಲವರು ಅದನ್ನು ಉಸಿರು ತುಂಬ ಎಳೆದುಕೊಂಡು ಸುಖಪಡುತ್ತಾರೆ. ನಾನು ಕಿಟಕಿ ಏರಿಸಪ್ಪ ಎಂದೆ. ಆ ಸೆಕೆಯಲ್ಲಿ ಕಿಟಕಿ ಮುಚ್ಚಿಸುವ ಹೆಂಗಸನ್ನು ಅವನು ಕನ್ನಡಿಯಲ್ಲಿ ಎರಡು ಸಲ ನೋಡಿದ.

ಆ ವಾಸನೆ ನನಗೆ ಒಂದು ವರ್ಷದ ಹೆದರಿಕೆಯ ವಾಸನೆ. ಆಗ ನಾನು ಕೊಪ್ಪಳಕ್ಕೆ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ತುಮಕೂರಿನ ಕಡೆಯವಳು, ವಯಸ್ಸು ನಲವತ್ತಾರು, ಹುದ್ದೆ ಪರಿವೀಕ್ಷಣಾಧಿಕಾರಿ. ಹಾಗೆಂದರೇನು ಎಂದು ನಮ್ಮಮ್ಮನಿಗೆ ಇಂದಿಗೂ ಅರ್ಥ ಮಾಡಿಸಲು ಆಗಿಲ್ಲ. ಒಬ್ಬನ ತಪ್ಪು ಸಾಬೀತಾದ ಮೇಲೆ ಅವನನ್ನು ಜೈಲಿಗೆ ಹಾಕಬೇಕೋ, ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡಬಹುದೋ ಎಂದು ನ್ಯಾಯಾಲಯಕ್ಕೆ ಅನುಮಾನ ಬಂದರೆ, ಅವನ ಊರಿಗೆ ಹೋಗಿ, ಅವನ ಮನಸ್ಸನ್ನು ನೋಡಿ, ವರದಿ ಕೊಡುವವಳು ನಾನು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡಿದವಳು. ಸಿಲಿಂಡರು ಖಾಲಿಯಾಗಿದ್ದ ದಿನವೂ ಓಡಿದ್ದೆ. ಇಂಥವಳ ಕೈಗೆ ಸರ್ಕಾರ ಇನ್ನೊಬ್ಬರ ಮನಸ್ಸು ಓದುವ ಕೆಲಸ ಕೊಟ್ಟಿತ್ತು.

ಓದಿದ್ದು ಮನೋವಿಜ್ಞಾನ. ಅಪರಾಧ ಎಂದರೇನು ಎಂಬುದಕ್ಕೆ ನಮ್ಮ ಪುಸ್ತಕಗಳಲ್ಲಿ ಒಂದೇ ಉತ್ತರ ಇರಲಿಲ್ಲ. ಕಾನೂನು ಬೇಡವೆಂದದ್ದನ್ನು ಮಾಡುವುದು ಎನ್ನುವುದು ವಕೀಲರ ಉತ್ತರ. ಕೂಡಿ ಬಾಳುವ ಜನ ಒಪ್ಪದ್ದನ್ನು ಮಾಡುವುದು ಎನ್ನುವುದು ಸಮಾಜದ ಉತ್ತರ. ಇನ್ನೊಬ್ಬರಿಗೆ ನೋವಾಗುತ್ತದೆಂದು ತಿಳಿದೂ ತನಗೆ ಸಿಗುವುದಕ್ಕಾಗಿ ಮಾಡಿ, ಸಿಕ್ಕಿದ್ದರಿಂದಲೇ ಮತ್ತೆ ಮಾಡಲು ಕಲಿಯುವುದು ಎಂದು ನಮ್ಮವರು ಹೇಳುತ್ತಿದ್ದರು. ಮಾಡಿದವರಲ್ಲೂ ಬಗೆಗಳಿದ್ದವು. ಸಂದರ್ಭಕ್ಕೆ ಸಿಕ್ಕಿ ಒಮ್ಮೆ ಮಾಡುವವನು, ರೂಢಿಯಾಗಿ ಮಾಡುವವನು, ಅದನ್ನೇ ಕಸುಬಾಗಿಸಿಕೊಂಡವನು, ಮನಸ್ಸು ಕೆಟ್ಟು ಮಾಡುವವನು, ಮನಸ್ಸು ಸರಿಯಿದ್ದೂ ಒಳಗೆ ಅಳುಕೇ ಇಲ್ಲದವನು. ಕೈ ಎತ್ತುವವರಲ್ಲಿ ಮತ್ತೆರಡು ಪಾಲು: ಸಿಟ್ಟು ಬಂದು ಹೊಡೆಯುವವರು, ಲೆಕ್ಕ ಹಾಕಿ ಹೊಡೆಯುವವರು. ಪರೀಕ್ಷೆಯ ಕೊಠಡಿಯಲ್ಲಿ ಇದೆಲ್ಲ ಎಷ್ಟು ಸಲೀಸಾಗಿತ್ತು. ಅಲ್ಲಿ ಯಾರ ಕೈಯಲ್ಲೂ ಸಲಿಕೆ ಇರಲಿಲ್ಲ.

ಮಾರ್ಚ್ ತಿಂಗಳಲ್ಲಿ ಗಂಗಾವತಿ ನ್ಯಾಯಾಲಯದಿಂದ ಒಂದು ಕಡತ ಬಂತು. ದುರುಗಪ್ಪ, ನಲವತ್ತೆಂಟು ವರ್ಷ, ಒಕ್ಕಲುತನ. ಹಿಂದಿನ ಬೇಸಿಗೆಯಲ್ಲಿ ಕಾಲುವೆಯ ಗೇಟಿನ ಬಳಿ ನೀರುಗಂಟಿಯ ತಲೆಗೆ ಸಲಿಕೆಯಿಂದ ಹೊಡೆದಿದ್ದಾನೆ. ನೀರುಗಂಟಿ ಎಂದರೆ ಯಾರ ಗದ್ದೆಗೆ ಯಾವ ದಿನ ನೀರು ಎಂದು ಗೇಟು ತೆಗೆದು ಮುಚ್ಚುವ ಸರ್ಕಾರಿ ಮನುಷ್ಯ. ತಲೆಗೆ ಹೊಲಿಗೆ ಬಿದ್ದಿವೆ. ದುರುಗಪ್ಪ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ಹಿಂದೆ ಮೂರು ಸಲ ಗೇಟಿನ ಬೀಗ ಮುರಿದದ್ದಕ್ಕೆ ಕೇಸಾಗಿದೆ, ಮೂರರಲ್ಲೂ ತಪ್ಪೊಪ್ಪಿಕೊಂಡಿದ್ದಾನೆ. ಕಡತವನ್ನು ತಂದಿಟ್ಟ ನಮ್ಮ ಗುಮಾಸ್ತ ವೀರಭದ್ರಯ್ಯ, ಇದರಲ್ಲಿ ನೋಡುವುದೇನಿದೆ, ರೂಢಿ ಅಪರಾಧಿ ಎಂದು ಬರೆದುಬಿಡಿ, ಅಷ್ಟು ದೂರ ಬಿಸಿಲಲ್ಲಿ ಯಾಕೆ ಹೋಗುತ್ತೀರಿ ಎಂದರು. ನಿಜ ಹೇಳುತ್ತೇನೆ, ನಾನೂ ಮನಸ್ಸಿನಲ್ಲಿ ಹಾಗೇ ಬರೆದುಬಿಟ್ಟಿದ್ದೆ. ಮೊದಲು ಬೀಗ, ಆಮೇಲೆ ತಲೆ. ಪುಸ್ತಕದಲ್ಲಿದ್ದ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದ.

ಆ ಊರು ಗಂಗಾವತಿಯ ಆಚೆ, ಉಪಕಾಲುವೆಯ ಕೊನೆಯ ತುದಿಯಲ್ಲಿದೆ. ಹೆಸರು ಹೇಳುವುದಿಲ್ಲ. ಇಲ್ಲಿನ ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಗಂಗಾವತಿಯವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಮೊದಲನೆಯ ಬಸ್ಸಿನಲ್ಲಿ ಹನುಮನಹಳ್ಳಿಯ ಬೆಟ್ಟ ಹತ್ತಲು ಹೊರಟ ಭಕ್ತರು ತುಂಬಿದ್ದರು. ನಾನು ಕಡತವನ್ನು ಎದೆಗವಚಿಕೊಂಡದ್ದನ್ನು ಕಂಡು ಒಬ್ಬಾಕೆ, ಹರಕೆ ಭಾಳ ದೊಡ್ಡದೇನವ್ವ ಎಂದು ಕೇಳಿದಳು. ಎರಡನೆಯ ಬಸ್ಸು ನನ್ನನ್ನು ಇಳಿಸಿದ ಕ್ರಾಸಿನಿಂದ ಊರಿಗೆ ನಾಲ್ಕು ಕಿಲೋಮೀಟರು. ಎರಡೂ ಕಡೆ ತೆನೆ ಕಟ್ಟುವ ಹೊತ್ತಿನ ಭತ್ತ, ನಡುವೆ ಬೆಂಕಿಯಂಥ ರಸ್ತೆ. ನಡೆಯಬೇಕೇ ಎಂದು ನಿಂತಿದ್ದಾಗ ಬೈಕೊಂದು ಬಂದು ನಿಂತಿತು.

ಅವನ ಹೆಸರು ಈರಣ್ಣ. ಮೂವತ್ತೈದರ ಆಸುಪಾಸು, ನಗುಮುಖ, ಹೆಗಲ ಮೇಲೆ ಟವೆಲು. ಊರವರೇ ಕಳಿಸಿದ್ದರಂತೆ. ದಾರಿಯುದ್ದಕ್ಕೂ ತಿರುಗಿ ತಿರುಗಿ ಮಾತಾಡುತ್ತಿದ್ದ. ಅವನ ಮಗಳು ಗಂಗಾವತಿಯ ಶಾಲೆಯಲ್ಲಿ ಆರನೇ ಇಯತ್ತೆ, ಲೆಕ್ಕದಲ್ಲಿ ಜಾಣೆ. ಎದುರಿಗೆ ನೋಡಿ ಓಡಿಸಪ್ಪ ಎಂದು ನಾನು ಐದು ಸಲವಾದರೂ ಹೇಳಿರಬೇಕು. ಆ ದಿನ ಆ ಊರಿನಲ್ಲಿ ನನಗೆ ಹೆದರಿಕೆಯಾಗದ ಒಬ್ಬನೇ ಮನುಷ್ಯ ಅವನು, ಅವನ ಬೈಕಿನ ವೇಗವೊಂದನ್ನು ಬಿಟ್ಟರೆ.

ದುರುಗಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿ ಕಾಯುತ್ತಿದ್ದ. ಒಣಕಲು ಮೈ, ದೊಡ್ಡ ದೊಡ್ಡ ಕೈ. ನಾನು ಆ ಕೈಗಳಿಂದ ಕಣ್ಣು ತೆಗೆಯದೆ ಪ್ರಶ್ನೆ ಕೇಳಿದೆ.

“ಯಾಕೆ ಹೊಡೆದ್ರಿ?”

“ಹೊಡದೀನ್ರಿ.”

“ಅದು ಗೊತ್ತು. ಯಾಕೆ?”

“ತಪ್ಪಾತ್ರಿ. ಬರಕೋರಿ.”

ಅವತ್ತು ಬೆಳಿಗ್ಗೆ ಏನಾಯಿತು, ನೀರುಗಂಟಿ ಏನೆಂದ, ಸಲಿಕೆ ಎಲ್ಲಿತ್ತು, ಅವನು ಬಿದ್ದದ್ದು ನೀರಿಗೋ ದಂಡೆಗೋ? ಎಲ್ಲಕ್ಕೂ ಒಂದೇ ಉತ್ತರ, ತಪ್ಪಾತ್ರಿ, ಬರಕೋರಿ. ದನಿಯಲ್ಲಿ ಸಿಟ್ಟಿಲ್ಲ, ದುಃಖವಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವನ ಸಮಾಧಾನ. ಮಾಡಿದ್ದರ ಬಗ್ಗೆ ಅಳುಕೇ ಇಲ್ಲದವನು ಎಂದು ಪುಸ್ತಕ ಹೇಳುವುದು ಇಂಥವನನ್ನೇ ಅಲ್ಲವೇ? ಅವನ ಹೆಂಡತಿ ಹುಲಿಗೆಮ್ಮ ರೊಟ್ಟಿ, ಪುಂಡಿಪಲ್ಯ ತಂದಿಟ್ಟು ಒಂದೂ ಮಾತಾಡದೆ ಒಳಗೆ ಹೋದಳು. ಬೇಡ ಎನ್ನಲು ಹೆದರಿ ಎರಡು ರೊಟ್ಟಿ ತಿಂದೆ. ನೋಟ್‌ಬುಕ್ಕಿನಲ್ಲಿ ‘ಪಶ್ಚಾತ್ತಾಪದ ಲಕ್ಷಣ ಕಾಣಲಿಲ್ಲ’ ಎಂದು ಬರೆದೆ. ಆ ಸಾಲನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ವರದಿ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯದಿದ್ದುದಕ್ಕೆ ನನ್ನ ಶ್ರದ್ಧೆ ಕಾರಣವಲ್ಲ, ನನ್ನ ಪುಕ್ಕಲುತನ. ಏಟು ತಿಂದವನ ಮಾತು ಕೇಳಲಿಲ್ಲವೇಕೆ ಎಂದು ನ್ಯಾಯಾಧೀಶರು ಕೇಳಿದರೆ ಏನು ಹೇಳಲಿ ಎಂಬ ಚಿಂತೆಯಲ್ಲಿ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ನೀರುಗಂಟಿ ಖಾಜಾಸಾಬರ ಮನೆಗೆ ಹೋದೆ. ಐವತ್ತೈದರ ಹಿರಿಯ, ಕೂದಲಿನ ನಡುವೆ ಬೈತಲೆಯಂತೆ ಗಾಯದ ಗುರುತು. ಚಹಾ ಕೊಟ್ಟರು. ದುರುಗಪ್ಪನನ್ನು ಕಂಡರೆ ನಿಮಗೆ ಹೆದರಿಕೆಯಾಗುತ್ತದೆಯೇ ಎಂಬುದು ನನ್ನ ಫಾರಮ್ಮಿನಲ್ಲಿದ್ದ ಪ್ರಶ್ನೆ. ಅವರು ನಕ್ಕುಬಿಟ್ಟರು.

“ದುರುಗಪ್ಪನಾ? ಅವಾ ಇರುವಿ ತುಳಿಯೂ ಮನಶ್ಯಾ ಅಲ್ರಿ ಅಕ್ಕಾರ. ಅವಾ ಎಲ್ಲಿ ಹೊಡದಾನ? ಅದು ಅವನ ಪಾಳಿ, ಅಷ್ಟ.”

ನನಗೆ ಅರ್ಥವಾಗಲಿಲ್ಲ ಎಂದು ಕಂಡು ಅವರು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. ಕಾಲುವೆಯ ಕೊನೆಯ ಊರಿಗೆ ನೀರು ಬರುವುದು ಮೇಲಿನವರೆಲ್ಲ ಕುಡಿದು ಉಳಿದರೆ. ಬೆಳೆ ಒಣಗುವ ಹೊತ್ತಿಗೆ ಊರು ಕೂಡಿ ಗೇಟಿನ ಬೀಗ ಮುರಿಯುತ್ತದೆ. ಮುರಿದರೆ ಕೇಸು. ಎಲ್ಲರ ಮೇಲೂ ಕೇಸಾದರೆ ಎಲ್ಲರೂ ಸುಗ್ಗಿ ಬಿಟ್ಟು ಕೋರ್ಟಿಗೆ ಅಲೆಯಬೇಕು. ಆದ್ದರಿಂದ ನೀರಿಗೆ ಪಾಳಿ ಇರುವಂತೆಯೇ ಕೇಸಿಗೂ ಪಾಳಿ. ಈ ವರ್ಷ ಈ ಮನೆ, ಬರುವ ವರ್ಷ ಆ ಮನೆ. ಪಾಳಿ ಬಂದವನು ಹೋಗಿ ನಾನೇ ಮುರಿದೆ ಎನ್ನುತ್ತಾನೆ, ಅವನ ಗದ್ದೆಯ ಕೆಲಸವನ್ನು ಉಳಿದವರು ಮುಯ್ಯಾಳಾಗಿ ಮಾಡಿಕೊಡುತ್ತಾರೆ. ದುರುಗಪ್ಪನ ಮೂರು ಕೇಸುಗಳಲ್ಲಿ ಒಂದು ಅವನದು, ಒಂದು ಸತ್ತ ಅಣ್ಣನದು, ಇನ್ನೊಂದು ಕಾಲು ಮುರಿದುಕೊಂಡಿದ್ದ ಪಕ್ಕದ ಮನೆಯವನದು. ದೂರು ಬರೆಸುವ ಮೊದಲು ಖಾಜಾಸಾಬರೇ ಊರಿಗೆ ಹೋಗಿ, ಈ ಸಲ ಯಾರ ಹೆಸರು ಎಂದು ಕೇಳಿ ಬರುತ್ತಿದ್ದರು. ಹಾಗೆ ಇಪ್ಪತ್ತು ವರ್ಷದಿಂದ ಯಾರಿಗೂ ಯಾರ ಮೇಲೂ ಹಗೆಯಿಲ್ಲದೆ ನಡೆದಿತ್ತು. ಹೋದ ಬೇಸಿಗೆಯಲ್ಲಿ ಬೀಗದ ಬದಲು ತಲೆ ಒಡೆಯಿತು. ಪೊಲೀಸರು ಆಸ್ಪತ್ರೆಯಲ್ಲಿ ಯಾರೆಂದು ಕೇಳಿದಾಗ ಮಂಪರಿನಲ್ಲಿದ್ದ ಇವರ ಬಾಯಿಂದ ರೂಢಿಯಂತೆ ಆ ವರ್ಷದ ಪಾಳಿಯ ಹೆಸರೇ ಬಂತು. ಊರೂ ರೂಢಿಯಂತೆ ಅದನ್ನೇ ಹಿಡಿದುಕೊಂಡಿತು. ದುರುಗಪ್ಪ ರೂಢಿಯಂತೆ ಒಪ್ಪಿಕೊಂಡ.

ರೂಢಿ ಅಪರಾಧಿ ಎಂದು ನಾನು ಬರೆಯಹೊರಟಿದ್ದು ಸುಳ್ಳಾಗಿರಲಿಲ್ಲ, ನೋಡಿ.

“ಹಾಗಾದರೆ ನಿಜವಾಗಿ ಹೊಡೆದವನು?”

ಖಾಜಾಸಾಬರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಿಮ್ಮನ್ನ ಗಾಡಿ ಮ್ಯಾಲೆ ಕುಂದ್ರಿಸಿಕೊಂಡು ಹೋಗ್ತಾನಲ್ರಿ, ಅವಾ.”

ಇದನ್ನು ಕಾಗದಕ್ಕೆ ಹಾಕಬೇಡಿ ಎಂದು ಅವರು ಕೈ ಮುಗಿದರು. ಸುಳ್ಳು ಹೆಸರು ಹೇಳಿದ್ದು ಗೊತ್ತಾದರೆ ಅವರ ನೌಕರಿಯೇ ಹೋಗುತ್ತದೆ. ಬೇಕಾದರೆ ಕೋರ್ಟಿನಲ್ಲಿ ನಾನು ಹೀಗೆ ಹೇಳಿಯೇ ಇಲ್ಲ ಎನ್ನುತ್ತೇನೆ ಎಂದೂ ಹೇಳಿದರು. ಅದನ್ನು ಬೆದರಿಕೆಯಂತೆ ಹೇಳಲಿಲ್ಲ, ಹವಾಮಾನದ ವರದಿಯಂತೆ ಹೇಳಿದರು.

ಮತ್ತೆ ಊರಿಗೆ ಹೋಗಲೇಬೇಕಿತ್ತು. ಬರುತ್ತೇನೆಂದು ಯಾರಿಗೂ ತಿಳಿಸಿರಲಿಲ್ಲ. ಆದರೂ ಕ್ರಾಸಿನಲ್ಲಿ ಬಸ್ಸಿಳಿದರೆ ಬೇವಿನ ಮರದಡಿ ಬೈಕು, ಅದರ ಮೇಲೆ ಈರಣ್ಣ. “ಹತ್ರಿ ಅಕ್ಕಾರ, ಬಿಸಲ ಭಾಳ ಐತಿ.” ನಡೆದೇ ಬರುತ್ತೇನೆ ಎನ್ನಬಹುದಿತ್ತು. ಅಂದರೆ ನನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಹತ್ತಿದೆ. ಕಡತವನ್ನು ನನಗೂ ಅವನ ಬೆನ್ನಿಗೂ ನಡುವೆ ಹಿಡಿದುಕೊಂಡೆ, ಅದರೊಳಗಿದ್ದ ನಲವತ್ತು ಹಾಳೆ ಸಲಿಕೆಯನ್ನು ತಡೆಯುತ್ತದೆ ಎನ್ನುವಂತೆ. ಅವತ್ತು ಅವನು ಒಂದೂ ಮಾತಾಡಲಿಲ್ಲ. ಹಿಂದೆ ತಿರುಗಲೂ ಇಲ್ಲ. ಮೊದಲ ದಿನ ನಾನು ಬೇಡಿಕೊಂಡಂತೆ ಎದುರಿಗೇ ನೋಡಿ ಓಡಿಸಿದ. ಕಾಲುವೆಯ ದಂಡೆ ಬಂದಾಗ, ಒಣಗಿದ ಗದ್ದೆಗೆ ನೀರು ಹೊಕ್ಕ ಆ ವಾಸನೆಯ ನಡುವೆ, ಬೈಕು ನಿಧಾನವಾಯಿತು. ಇಲ್ಲೇ ಎಂದುಕೊಂಡೆ. ಅಡ್ಡ ಬಂದ ಎಮ್ಮೆಗಳು ದಾಟಿದ ಮೇಲೆ ಬೈಕು ಮುಂದಕ್ಕೆ ಹೋಯಿತು.

ಊರಿನ ಹಿರಿಯ ಬಸನಗೌಡರು ದುರುಗಪ್ಪನ ಮನೆಯ ಕಟ್ಟೆಗೆ ಬಂದರು. ನನಗೆ ಏನು ಗೊತ್ತಾಗಿದೆಯೆಂದು ನಾನು ಹೇಳುವ ಮೊದಲೇ ಅವರಿಗೆ ತಿಳಿದಿತ್ತು. ಈ ಸಲದ್ದು ಜೈಲಾಗುವ ಕೇಸು, ದುರುಗಪ್ಪನಿಗೆ ಇದು ಗೊತ್ತಿದೆಯೇ ಎಂದೆ. ಗೊತ್ತಿದೆ ಎಂದು ದುರುಗಪ್ಪನೇ ತಲೆಯಾಡಿಸಿದ. ಅವನು ಈಗ ಇಲ್ಲ ಎಂದರೆ ನಾಳೆ ಪಾಳಿ ಹೊರುವವರು ಯಾರೂ ಇರುವುದಿಲ್ಲ, ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳಲು ಸುರು ಮಾಡಿದರೆ ಊರು ಉಳಿಯುವುದಿಲ್ಲ ಎಂಬುದು ಗೌಡರ ವಾದ. ಈರಣ್ಣ ಸ್ವಲ್ಪ ದೂರದಲ್ಲಿ ಬೈಕಿಗೆ ಒರಗಿ ನಿಂತಿದ್ದ. ನಾನು ಆ ಕಡೆ ನೋಡಲಿಲ್ಲ.

ಅಷ್ಟು ದಿನ ಬಾಯಿ ತೆಗೆಯದ ಹುಲಿಗೆಮ್ಮ ಹೊಸ್ತಿಲಿಗೆ ಬಂದು ನಿಂತಳು.

“ಪಾಳಿ ನಮ್ದ ಗೌಡ್ರ, ಇಲ್ಲ ಅನ್ನಂಗಿಲ್ಲ. ಆದ್ರ ಅದು ಬೀಗ ಮುರದಿದ್ದಕ್ಕ ಹಚ್ಚಿದ ಪಾಳಿ. ತಲಿ ಒಡದಿದ್ದಕ್ಕ ಪಾಳಿ ಹಚ್ಚಿದವ್ರು ಯಾರು? ಅದಕ್ಕ ಊರು ಯಾವತ್ತರ ಕೂಡಿ ಒಪ್ಪೈತೇನು?”

ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋದಳು. ನಾನು ಎಷ್ಟೋ ವರ್ಷ ಓದಿ ಕಲಿತ ವಿಂಗಡಣೆಯನ್ನು ಅವಳು ಹೊಸ್ತಿಲಲ್ಲಿ ನಿಂತು ಮಾಡಿ ಮುಗಿಸಿದ್ದಳು. ಬೀಗ ಕಾನೂನಿನ ಅಪರಾಧ, ಊರಿನದಲ್ಲ. ತಲೆ ಎಲ್ಲರ ಅಪರಾಧ, ಅದನ್ನು ಹಂಚಿಕೊಳ್ಳಲು ಬರುವುದಿಲ್ಲ.

ಆಮೇಲಿನ ಹತ್ತು ದಿನ ಮೂರು ವರದಿ ಬರೆದೆ. ಒಂದರಲ್ಲಿ ಎಲ್ಲವೂ ಇತ್ತು. ಅದನ್ನು ಕೊಟ್ಟರೆ ಸಾಕ್ಷಿಗೆ ಯಾರೂ ನಿಲ್ಲುವುದಿಲ್ಲ, ಖಾಜಾಸಾಬರ ಅನ್ನ ಹೋಗುತ್ತದೆ, ಒಪ್ಪಿಕೊಂಡ ದುರುಗಪ್ಪನಿಗೆ ಜೈಲು ತಪ್ಪುತ್ತದೆಂಬ ಖಾತರಿಯೂ ಇಲ್ಲ. ಇದೆಲ್ಲ ನಿಜವಾದ ಕಾರಣಗಳೇ. ಆದರೆ ಇವುಗಳ ಕೆಳಗೆ ಇನ್ನೊಂದು ಕಾರಣ ಮುದುರಿ ಕೂತಿತ್ತು: ಮತ್ತೆ ಆ ಕ್ರಾಸಿನಲ್ಲಿ ಇಳಿಯಬೇಕಾಗಬಹುದು ಎಂಬ ಭಯ. ಕೊನೆಗೆ ಕೊಟ್ಟದ್ದು ಮೂರನೆಯದನ್ನು. ‘ಸಾಂದರ್ಭಿಕ ಅಪರಾಧಿ. ಸ್ವಭಾವದಿಂದ ಶಾಂತ. ಮರುಕಳಿಸುವ ಸಂಭವ ಕಡಿಮೆ. ಜೈಲಿಗಿಂತ ಮೇಲ್ವಿಚಾರಣೆಯೇ ಸೂಕ್ತ.’ ಪ್ರತಿ ಮಾತೂ ಸತ್ಯ, ಒಟ್ಟು ವರದಿ ಸುಳ್ಳು. ನ್ಯಾಯಾಲಯ ಒಪ್ಪಿತು. ಒಂದು ವರ್ಷ ಸನ್ನಡತೆ, ತಿಂಗಳಿಗೊಮ್ಮೆ ನನ್ನ ಕಚೇರಿಗೆ ಬಂದು ಸಹಿ.

ಕೋರ್ಟಿನ ಹೊರಗೆ ಬಸನಗೌಡರು ನನ್ನ ಕಡೆ ಬಂದು ಮೆಲ್ಲಗೆ ಹೇಳಿದರು. “ಈ ಸಲ ನೀವೂ ನಮ್ಮ ಜೋಡಿ ಒಂದು ಪಾಳಿ ಮಾಡಿದ್ರಿ ಅಕ್ಕಾರ.” ಅವರು ಅದನ್ನು ಗೌರವದಿಂದಲೇ ಹೇಳಿದ್ದು. ಯಾವ ಬಗೆಯ ಅಪರಾಧಿ ನಾನು ಎಂದು ಆ ರಾತ್ರಿ ಪುಸ್ತಕ ತೆಗೆದು ಹುಡುಕಿದೆ. ಹೆದರಿ ಮಾಡುವವರಿಗೆ ಅದರಲ್ಲಿ ಬೇರೆ ವರ್ಗವೇ ಇರಲಿಲ್ಲ.

ಮೇಲ್ವಿಚಾರಣೆ ಎಂದರೆ ಏನಾಗುತ್ತದೆಂದು ನಾನು ಯೋಚಿಸಿರಲಿಲ್ಲ. ಜೂನ್ ತಿಂಗಳ ಮೊದಲ ಸೋಮವಾರ ದುರುಗಪ್ಪ ಸಹಿಗೆ ಬಂದ. ಅವನನ್ನು ಬೈಕಿನ ಮೇಲೆ ಕೊಪ್ಪಳದವರೆಗೂ ಕರೆತಂದವನು ಈರಣ್ಣ. ನನ್ನ ಮೇಜಿಗೆ ನೇರವಾಗಿ ಕಾಣುವ ಹೊರಗಿನ ಬೆಂಚಿನ ಮೇಲೆ ಕೂತು ಕೈ ಮುಗಿದ. ಜುಲೈನಲ್ಲಿ ಬಂದ, ಆಗಸ್ಟಿನಲ್ಲಿ ಬಂದ. ಡಿಸೆಂಬರಿನಲ್ಲಿ ಗದ್ದೆಯ ಬದುವಿನಲ್ಲಿ ಬೆಳೆದ ತೊಗರಿಕಾಯಿ ತಂದು ವೀರಭದ್ರಯ್ಯನವರ ಕೈಗೆ ಕೊಟ್ಟ. ಎಷ್ಟು ಛಲೋ ಮನುಷ್ಯ ಎಂದು ಅವರು ಹೊಗಳಿದರು. ನಾನು ಮನೆಗೆ ಒಯ್ಯಲಿಲ್ಲ. ಸೋಮವಾರಗಳ ಹಿಂದಿನ ದಿನ ನನಗೆ ತಲೆನೋವು ಬರುತ್ತಿತ್ತು. ಆ ಒಂದು ವರ್ಷ ನಾನು ಮನೆಯ ಬಾಗಿಲಿನ ಚಿಲಕ ಎಳೆದು ನೋಡಿದ ಲೆಕ್ಕ ಇಟ್ಟಿದ್ದರೆ ನನ್ನನ್ನೂ ಯಾರಾದರೂ ರೂಢಿಯ ಕಾಲಮ್ಮಿಗೆ ಹಾಕುತ್ತಿದ್ದರು.

ಫೆಬ್ರವರಿಯಲ್ಲಿ ಬೇಸಿಗೆ ಬೆಳೆಗೆ ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಆ ಸೋಮವಾರ ದುರುಗಪ್ಪ ಸಹಿ ಮಾಡಿ, ಚಹಾ ಕುಡಿದು ಬರುತ್ತೇನೆಂದು ಕೆಳಗೆ ಹೋದ. ವೀರಭದ್ರಯ್ಯನವರು ರಜೆ. ಈರಣ್ಣ ಬೆಂಚಿನಿಂದ ಎದ್ದು ಒಳಗೆ ಬಂದ. ನನ್ನ ಮೇಜಿನ ಮೇಲೆ ಕೈಗೆ ಸಿಗುವಂತಿದ್ದದ್ದು ಒಂದು ಪಂಚಿಂಗ್ ಮಷೀನು. ಅದನ್ನು ಹಿಡಿದುಕೊಂಡೆ.

ಅವನು ನಿಂತೇ ಇದ್ದ. ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಂಡುತ್ತಿದ್ದ.

“ನಿಮಗ ಎಲ್ಲಾ ಗೊತ್ತೈತಿ ಅಂತ ನನಗ ಗೊತ್ತೈತ್ರಿ. ನೀವು ಮಂದಿನ ನೋಡಿ ಇವಾ ಇಂಥಾಂವ ಅಂತ ಬರೀತೀರಂತ. ನಾ ಎಂಥಾಂವ್ರಿ ಅಕ್ಕಾರ?”

ನಾನು ಬಾಯಿ ತೆಗೆಯುವ ಮೊದಲೇ ಅವನು ಮುಂದುವರಿಸಿದ.

“ಅವತ್ತ ಮುಂಜಾನೆ ನಾ ಹೊಡೀಬೇಕಂತ ಹೋಗಿದ್ದಿಲ್ರಿ. ಗೇಟ್ ಎತ್ತೂದಿಲ್ಲ ಅಂದ, ನೆಲ್ಲು ಒಣಗಾಕತ್ತಿತ್ತು, ಸಲಿಕಿ ಕೈಯಾಗ ಇತ್ತು. ಅವಾ ಬಿದ್ದ. ಬಿದ್ದಾಗ ನನಗ ಒಂದ ಗಳಿಗಿ ಹಗುರ ಆತ್ರಿ. ಭಾಳ ಹಗುರ. ಅದ ನನಗ ಅಂಜಿಕಿ. ಈಗ ಮತ್ತ ನೀರ ಬಿಟ್ಟಾರ. ನಾ ಮತ್ತ ಹೊಡೀತೀನೇನ್ರಿ?”

ಹತ್ತು ತಿಂಗಳು ನಾನು ಅವನಿಗೆ ಹೆದರಿದ್ದೆ. ಅಷ್ಟೂ ದಿನ ಅವನು ಆ ಬೆಂಚಿನ ಮೇಲೆ ಕೂತು ತನಗೇ ಹೆದರುತ್ತಿದ್ದ. ದುರುಗಪ್ಪನನ್ನು ಕರೆತರುವುದು ನೆಪವಾಗಿತ್ತು. ಅವನು ಬರುತ್ತಿದ್ದದ್ದು ಕೇಳಲು, ಕೇಳಲಾಗದೆ ತೊಗರಿಕಾಯಿ ಕೊಟ್ಟು ಹೋಗುತ್ತಿದ್ದ. ಸಿಟ್ಟಿಗೆ ಹೊಡೆದವನು ಎಂದು ಹೇಳಿ ಸಮಾಧಾನ ಮಾಡಬಹುದಿತ್ತು. ಹಗುರವಾಯಿತು ಎಂದನಲ್ಲ, ಆ ಹಗುರವನ್ನು ಪುಸ್ತಕ ಬೇರೆ ಪುಟದಲ್ಲಿ ಇಟ್ಟಿತ್ತು, ಮತ್ತೆ ಮಾಡಲು ಕಲಿಸುವುದು ಅದೇ ಎಂದು.

“ನನಗೂ ಗೊತ್ತಿಲ್ಲ ಈರಣ್ಣ. ಕೂತ್ಕೊಳ್ಳಿ,” ಎಂದೆ. ಪಂಚಿಂಗ್ ಮಷೀನು ಕೆಳಗಿಟ್ಟೆ.

ಮಧ್ಯಾಹ್ನದವರೆಗೆ ಮಾತಾಡಿದೆವು. ಒಂದು ಅಕ್ಷರವನ್ನೂ ಬರೆದುಕೊಳ್ಳಲಿಲ್ಲ. ದುರುಗಪ್ಪ ಬಾಗಿಲಲ್ಲಿ ಇಣುಕಿ ನೋಡಿ ಮತ್ತೆ ಚಹಾ ಕುಡಿಯಲು ಹೋದ. ಕೊನೆಗೆ ನಾನು ಕೊಟ್ಟ ಸಲಹೆಗೆ ಎಂ.ಎ. ಬೇಕಿರಲಿಲ್ಲ. ನೀರಿನ ಜಗಳದ ದಿನ ಗೇಟಿನ ಕಡೆ ಹೋಗಬೇಡಿ, ಹೋಗಲೇಬೇಕಾದರೆ ಸಲಿಕೆ ಮನೆಯಲ್ಲಿಟ್ಟು ಹೋಗಿ ಎಂದೆ. ಸಲಿಕಿ ಇಲ್ದಂಗ ನೀರು ಕಟ್ಟೂದು ಹೆಂಗ್ರಿ ಎಂದು ಆ ದಿನ ಮೊದಲ ಸಲ ನಕ್ಕ. ಖಾಜಾಸಾಬರ ಬಳಿ ಹೋಗಿ ಮಾತಾಡಿದ್ದೀರಾ ಎಂದು ಕೇಳಿದೆ. ತಲೆ ತಗ್ಗಿಸಿದ. ಆಮೇಲೆ ಹೋದನೆಂದು ಖಾಜಾಸಾಬರಿಂದ ಕೇಳಿದೆ. ಹೋಗಿ ಅಂಗಳದಲ್ಲಿ ಒಂದು ತಾಸು ಸುಮ್ಮನೆ ಕೂತು ಎದ್ದು ಬಂದನಂತೆ.

ಮೇ ತಿಂಗಳಲ್ಲಿ ದುರುಗಪ್ಪನ ಮುಚ್ಚಳಿಕೆಯ ವರ್ಷ ಮುಗಿಯಿತು. ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಆಮೇಲೂ ಪ್ರತಿ ಬೇಸಿಗೆಯಲ್ಲಿ, ಕಾಲುವೆಯಲ್ಲಿ ನೀರು ಇಳಿಯುವ ಹೊತ್ತಿಗೆ ಖಾಜಾಸಾಬರಿಗೆ ಫೋನು ಮಾಡುತ್ತಿದ್ದೆ. ಹಬ್ಬದ ಶುಭಾಶಯವೆಂದೋ ಅಕ್ಕಿಯ ದರ ಕೇಳಲೆಂದೋ ಏನಾದರೂ ನೆವ. ಅವರು ನೆವವನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

“ತಲಿ ಐತ್ರಿ ಅಕ್ಕಾರ. ಇನ್ನಾ ಹೆಗಲ ಮ್ಯಾಲೇ ಐತಿ.”

ಅವರು ಈ ಜನವರಿಯಲ್ಲಿ ನಿವೃತ್ತರಾದರು. ಗೇಟಿಗೆ ಹೊಸ ನೀರುಗಂಟಿ ಬಂದಿದ್ದಾನಂತೆ. ವಯಸ್ಸು ಕಡಿಮೆ, ಮಾತು ಜಾಸ್ತಿ, ಪಾಳಿಯ ಹೆಸರು ಕೇಳಲು ಊರಿಗೆ ಹೋಗುವುದಿಲ್ಲವಂತೆ. ಅವನ ನಂಬರು ಕೊಡಿ ಎಂದೆ. ನನ್ನ ಬಳಿ ಇಲ್ಲ, ಈರಣ್ಣನ ಹತ್ತಿರ ಇದೆ ಎಂದರು. ಈರಣ್ಣನ ನಂಬರು ನನ್ನಲ್ಲಿದೆ. ಮಾಡಬೇಕು.